ವೇಗವೋ, ಸ್ಮೃತಿಯೋ?

ಗಣಕವನ್ನು ಕೊಳ್ಳಹೊರಟ ವಿದ್ಯಾರ್ಥಿಯು ಮೊದಲು ಕೇಳುವುದು ‘ಎಷ್ಟು ಗಿಗಾಹರ್ಟ್ಸ್?’ ಎಂದು. ಅದೊಂದೇ ಅಳತೆಗೋಲಾಗದು. ಎ.ಎಂ.ಡಿ. ಸಂಸ್ಥೆಯು 2020ರಲ್ಲಿ ಹೊರತಂದ ರೈಜೆನ್ 7 5800ಎಕ್ಸ್ ಪ್ರೊಸೆಸರಿನ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, 2022ರಲ್ಲಿ ಬಂದ ಅದರ ತಮ್ಮ 5800ಎಕ್ಸ್3ಡಿಯದು 4.5. ಎರಡಕ್ಕೂ ಎಂಟೆಂಟು ಕೋರ್‌ಗಳು. ಆದರೂ ಅನೇಕ ಆಟಗಳಲ್ಲಿ ತಮ್ಮನೇ ಮುಂದು! ಅಣ್ಣನ ಮೂರನೆಯ ಹಂತದ ಕ್ಯಾಶ್ ಸ್ಮೃತಿ 32 ಮೆಗಾಬೈಟ್. ತಮ್ಮನಿಗಾದರೋ ಸಿಲಿಕಾನ್ ಬಿಲ್ಲೆಯ ಮೇಲೆ ಇನ್ನೊಂದನ್ನು ಅಟ್ಟದಂತೆ ಏರಿಸಿ 96 ಮೆಗಾಬೈಟ್ ಒದಗಿಸಿದ್ದಾರೆ. ಆಟಕ್ಕೆ ಬೇಕಾದ ದತ್ತಾಂಶವು ಕೈಯಳತೆಯಲ್ಲಿಯೇ ದೊರೆಯುವುದರಿಂದ ದೂರದ ಮುಖ್ಯ ಸ್ಮೃತಿಗೆ ಅಲೆದಾಟ ತಗ್ಗುತ್ತದೆ. ಬರವಣಿಗೆ, ಚಿತ್ರವೀಕ್ಷಣೆಗಳಿಗೆ ಈ ಅಟ್ಟದಿಂದ ಹೇಳಿಕೊಳ್ಳುವಂತಹ ಲಾಭವಿಲ್ಲ. ವಿಡಿಯೋ ಸಂಸ್ಕರಣದಂತಹ ಕೆಲಸದಲ್ಲಿ ಅಣ್ಣನೇ ಕೊಂಚ ಚುರುಕು. ಆಟವು ಅಪರೂಪವೆನ್ನುವವರಿಗೆ ಅಣ್ಣನೇ ಸಾಕೆಂಬುದು ನನ್ನ ಮತ. ಉಳಿಯುವ ಹಣವನ್ನು ಒಳ್ಳೆಯ ಎಸ್.ಎಸ್.ಡಿ.ಗೆ ವೆಚ್ಚಮಾಡುವುದು ಲೇಸು.