ಊಟ ಹಾಕಿದೆವಲ್ಲ!

ನಮ್ಮ ಮುಲುಂಡಿನ ಉದ್ಯಾನದಲ್ಲಿ ಸಂಜೆ ಕೂರುವ ನಿವೃತ್ತರ ಗುಂಪಿನಲ್ಲಿ ನನಗೂ ಒಬ್ಬ ಹಿರಿಯ ಮಿತ್ರರಿಗೂ ಜಗಳವೇ ಆಗಿಹೋಯಿತು. ವಿಷಯ ಅಮೆರಿಕದ ಬಾಸ್ಕೆಟ್‌ಬಾಲ್! ಮುಂಬಯಿ ಕನ್ನಡಿಗರಿಗೂ ಅದಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ. 2025ರ ಜುಲೈಯಿಂದ ಅಲ್ಲಿನ ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ ಎಂದು ನಾನು ಹೇಳಿದೆ. ಅವರು, "ಕೆಟ್ಟಿತು ಬಿಡಿ. ಊಟ, ವಸತಿ, ವಿದ್ಯೆ ಎಲ್ಲ ಪುಕ್ಕಟೆ ಕೊಟ್ಟ ಮೇಲೂ ಹುಡುಗರಿಗೆ ದುಡ್ಡು ಯಾಕ್ರೀ?" ಅಂದರು. ನನಗೆ ಮೈಯೆಲ್ಲ ಉರಿಯಿತು. ಈ ಮಾತನ್ನು ನಾನು ಹನ್ನೊಂದನೇ ವಯಸ್ಸಿನಲ್ಲಿ ನಮ್ಮ ಮನೆಯ ಜಗಲಿಯಲ್ಲೇ ಕೇಳಿದವನು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆಟದ ಹುಡುಗನ ಕಥೆ.

ನಾನು ನಿವೃತ್ತನಾದ ಹೊಸತರಲ್ಲಿ ಉತ್ತರ ಕೆರೊಲಿನಾದ ಕ್ಯಾರಿ ಎಂಬಲ್ಲಿ ಮಗಳ ಮನೆಯಲ್ಲಿದ್ದೆ. ಪಕ್ಕದ ಡರ್ಹಮ್ ಊರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ. ಆ ವರ್ಷ ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು, ಝಯಾನ್ ವಿಲಿಯಮ್ಸನ್. ಹದಿನೆಂಟರ ಹುಡುಗ, 129 ಕಿಲೋ ತೂಕ, ಆದರೂ ಹಾರಿದರೆ ಚೆಂಡನ್ನು ಬುಟ್ಟಿಯೊಳಗೆ ಕೈಯಾರೆ ತುರುಕಿ ಬರುವವ. ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಗಲೇ ದೊಡ್ಡ ದೊಡ್ಡ ಕಾಲೇಜುಗಳ ಕೋಚುಗಳು ಅವನ ಹಿಂದೆ ಬಿದ್ದಿದ್ದರು. 2018ರ ಜನವರಿಯಲ್ಲಿ ಅವನು ಡ್ಯೂಕ್ ಅಂದ. ಹೈಸ್ಕೂಲಿನಿಂದಲೇ ವೃತ್ತಿಪರ ಎನ್‌ಬಿಎ ಸೇರೋಣವೆಂದರೆ ದಾರಿಯಿಲ್ಲ. 2006ರಿಂದ ಅಲ್ಲಿ ನಿಯಮ: ಹತ್ತೊಂಬತ್ತು ತುಂಬಬೇಕು, ಹೈಸ್ಕೂಲು ಮುಗಿದು ಒಂದು ವರ್ಷವಾಗಿರಬೇಕು. ಆ ಒಂದು ವರ್ಷವೇ ಕಾಲೇಜುಗಳ ಪಾಲಿಗೆ ಹಬ್ಬ.

2019ರ ಫೆಬ್ರವರಿ 20ರ ರಾತ್ರಿ ಡ್ಯೂಕ್‌ಗೂ ನಾರ್ತ್ ಕೆರೊಲಿನಾಕ್ಕೂ ಪಂದ್ಯ. ಒಬಾಮಾ ಕೂಡ ನೋಡಲು ಬಂದಿದ್ದರು. ಟಿಕೆಟು ಸಾವಿರಾರು ಡಾಲರಿಗೆ ಕೈ ಬದಲಾಗಿತ್ತಂತೆ. ಅಳಿಯನ ಜೊತೆ ನಾನೂ ಟಿವಿ ಮುಂದೆ ಕೂತಿದ್ದೆ. ಆಟ ಶುರುವಾಗಿ ಒಂದು ನಿಮಿಷವೂ ಆಗಿಲ್ಲ, ಹುಡುಗ ಕಾಲೂರಿ ತಿರುಗಿದ, ಎಡಗಾಲಿನ ನೈಕಿ ಶೂ ಹಳೇ ಚೀಲದ ಹಾಗೆ ಹರಿದು ಪಾದ ಹೊರಗೆ ಬಂತು. ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟ. ಮರುದಿನ ನೈಕಿಯ ಶೇರು ಶೇಕಡಾ ಒಂದರಷ್ಟು ಇಳಿದು, ಪೇಟೆಯ ಲೆಕ್ಕದಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ಕರಗಿತು.

ನಾನು ಬ್ಯಾಂಕಿನವ. ಅಳಿಯನನ್ನು ಕೇಳಿದೆ, "ಈ ಹುಡುಗ ಎಡವಿದರೆ ನೂರು ಕೋಟಿ ಹೋಗುತ್ತದಲ್ಲ, ಇವನಿಗೆ ಎಷ್ಟು ಕೊಡುತ್ತಾರಪ್ಪ?" ಅವನು ನಕ್ಕು, "ಸಂಬಳ ಇಲ್ಲ ಮಾವ, ಅವನು ಸ್ಟೂಡೆಂಟು" ಅಂದ.

ಲೆಕ್ಕ ನೋಡಿ. ಕಾಲೇಜು ಕ್ರೀಡೆಯ ಒಡೆತನದ ಸಂಸ್ಥೆ ಎನ್‌ಸಿಎಎ, ಮಾರ್ಚ್ ತಿಂಗಳ ಒಂದು ಟೂರ್ನಿಯ ಟಿವಿ ಹಕ್ಕನ್ನು 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರಿಗೆ ಮಾರಿತ್ತು. ಡ್ಯೂಕ್ ಕೋಚ್ ಮೈಕ್ ಶಿಶೆವ್‌ಸ್ಕಿಯವರ ಗಳಿಕೆ ವರ್ಷಕ್ಕೆ 70 ಲಕ್ಷ ಡಾಲರಿನ ಆಸುಪಾಸು ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಶೂ ಕಂಪನಿಯ ಒಪ್ಪಂದ ಇದ್ದದ್ದು ವಿಶ್ವವಿದ್ಯಾಲಯದ ಜೊತೆ. ಹುಡುಗ ಆ ಶೂ ಹಾಕಿಕೊಳ್ಳಬೇಕು ಅಷ್ಟೇ. ಅವನು ತನ್ನ ಹೆಸರು ಮಾರಿ ನಾಲ್ಕು ಕಾಸು ಮಾಡಿಕೊಂಡರೆ ಆಟದಿಂದಲೇ ಹೊರಗೆ. ಅವನಿಗೆ ಸಿಕ್ಕದ್ದು ಫೀಸು, ಊಟ, ಹಾಸ್ಟೆಲು. ಸುಮಾರು 70 ಸಾವಿರ ಡಾಲರಿನ ಬಾಬ್ತು. ಎಲ್ಲರ ಖಾತೆಗೂ ಜಮಾ, ದುಡಿದವನ ಖಾತೆ ಮಾತ್ರ ಖಾಲಿ.

"ವಿದ್ಯಾರ್ಥಿ-ಕ್ರೀಡಾಪಟು" ಎಂಬ ಅಲ್ಲಿನ ಘನವಾದ ಪದ ಹುಟ್ಟಿದ್ದೂ ಪಾಠಶಾಲೆಯಲ್ಲಲ್ಲ. 1950ರ ದಶಕದಲ್ಲಿ ಗಾಯಗೊಂಡ ಆಟಗಾರರು ಕಾರ್ಮಿಕರ ಪರಿಹಾರ ಕೇಳತೊಡಗಿದಾಗ, ಕೊಡದೆ ತಪ್ಪಿಸಿಕೊಳ್ಳಲು ಹೊಸೆದ ಪದ ಅದು. ಹಾಗಂತ ಎನ್‌ಸಿಎಎಯನ್ನು ಮೂರು ದಶಕಕ್ಕೂ ಹೆಚ್ಚು ನಡೆಸಿದ ವಾಲ್ಟರ್ ಬೈಯರ್ಸ್ ತಮ್ಮ 1995ರ ಪುಸ್ತಕದಲ್ಲಿ ತಾವೇ ಒಪ್ಪಿಕೊಂಡರು. ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟಾಗಿ ಸತ್ತ ಹುಡುಗನೊಬ್ಬನ ಹೆಂಡತಿಗೆ 1957ರಲ್ಲಿ ಕೊಲರಾಡೊದ ಸುಪ್ರೀಂ ಕೋರ್ಟು ಪರಿಹಾರವಿಲ್ಲ ಅಂದಿತು. ಅವನು ನೌಕರನಲ್ಲವಂತೆ!

ಉದ್ಯಾನದ ಮಿತ್ರರು ಇದಕ್ಕೂ ಜಗ್ಗಲಿಲ್ಲ. "ಅದೇ ವರ್ಷ ಜೂನಿನಲ್ಲಿ ನ್ಯೂ ಆರ್ಲಿಯನ್ಸ್ ತಂಡ ಅವನನ್ನೇ ಮೊದಲು ಆರಿಸಿತು ಅಂತ ನೀವೇ ಹೇಳಿದಿರಿ. ಕೋಟ್ಯಧೀಶನಾದ. ಅವನಿಗೆಂಥ ಕನಿಕರ?" ನಿಜ. ಅವತ್ತು ಮೊಣಕಾಲು ಉಳುಕಿತ್ತಷ್ಟೇ. ಮಾರ್ಚ್ 14ಕ್ಕೆ ಮರಳಿ ಬಂದು ಸಿರಕ್ಯೂಸ್ ತಂಡದ ವಿರುದ್ಧ ಬುಟ್ಟಿಗೆ ಎಸೆದ 13ಕ್ಕೆ 13ನ್ನೂ ಹಾಕಿದ. ಆಡದೆ ಮನೆಯಲ್ಲಿ ಕೂರು, ಕಾಲು ಉಳಿಸಿಕೋ ಅಂತ ಬುದ್ಧಿ ಹೇಳಿದವರು ಬಹಳ. ಜೊತೆಗಾರರನ್ನು ಬಿಟ್ಟು ಕೂರಲಾರೆ ಅಂತ ಅವನು ಆಡಿದ. ಆದರೆ ಸ್ವಾಮಿ, ಮೊಣಕಾಲು ಮುರಿದೇ ಹೋಗಿದ್ದರೆ? ಎನ್‌ಬಿಎ ಬಾಗಿಲನ್ನೇ ಕಾಣದೆ ಊರಿಗೆ ಮರಳಿದ ಸಾವಿರಾರು ಹುಡುಗರ ಕಥೆ ಏನು? ಒಬ್ಬನಿಗೆ ಲಾಟರಿ ಹೊಡೆಯಿತು ಅಂತ ಉಳಿದವರ ಸಂಬಳ ಹಿಡಿಯಬಹುದೇ?

ಈಗ ಜಗಲಿಯ ಮಾತು. ನಮ್ಮಣ್ಣ 1963ರಲ್ಲಿ, ಹದಿಮೂರು ವರ್ಷದವನಿದ್ದಾಗ, ಕುಂದಾಪುರದ ಕಡೆಯಿಂದ ಈ ಊರಿಗೆ ಬಂದ. ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಮಾಣಿ. ಹಗಲೆಲ್ಲ ದುಡಿತ, ಸಂಜೆ ಕನ್ನಡ ರಾತ್ರಿ ಶಾಲೆ, ಮತ್ತೆ ಹೋಟೆಲಿನ ಮೇಜಿನ ಮೇಲೇ ನಿದ್ದೆ. ಮುಂಬಯಿಯ ರಾತ್ರಿ ಶಾಲೆಗಳಿಗೆ ನಾನು ಕೈಮುಗಿಯುತ್ತೇನೆ. ಅವು ಎಷ್ಟೋ ಮಾಣಿಗಳನ್ನು ಮನುಷ್ಯರನ್ನಾಗಿ ಮಾಡಿದವು. ಸಂಬಳ ಸರಿಯಾಗಿ ಕೊಟ್ಟು, ಮುಂದೆ ಸ್ವಂತ ಹೋಟೆಲು ಹಾಕಿಕೊಟ್ಟ ಮಾಲೀಕರೂ ಇದ್ದರು. ಅಣ್ಣನ ಮಾಲೀಕರು ಅಂಥವರಲ್ಲ. "ನಿನ್ನ ಸಂಬಳ ನನ್ನ ಪುಸ್ತಕದಲ್ಲಿ ಜಮಾ ಇದೆ" ಅನ್ನುತ್ತಲೇ ಆರು ವರ್ಷ ಕಳೆದರು. ಅಪ್ಪಯ್ಯನಿಗೆ ಕಾಯಿಲೆಯಾಗಿ ಅಣ್ಣ ಊರಿಗೆ ಬರುವಾಗ ಒಂದು ಅಂಗಿ, ಬಸ್ಸಿನ ದುಡ್ಡು ಕೈಗಿಟ್ಟರು. ಮುಂದೆ ಊರಿಗೆ ಬಂದವರು ನಮ್ಮ ಜಗಲಿಯಲ್ಲಿ ಕೂತು, ಕಾಪಿ ಕುಡಿದು, "ಊಟ ಹಾಕಿದೆವಲ್ಲ, ಶಾಲೆಗೆ ಕಳಿಸಿದೆವಲ್ಲ, ಇನ್ನೆಂಥ ಸಂಬಳ?" ಅಂದರು. ಅಪ್ಪಯ್ಯ ಏನೂ ಹೇಳದೆ ಕೈಮುಗಿದರು. ಪರವೂರಿನಲ್ಲಿರುವ ಹುಡುಗನ ಪರ ಕೇಳುವವರು ಯಾರು ಅನ್ನುವುದು ಆ ಮಾಲೀಕರಿಗೂ ಗೊತ್ತಿತ್ತು, ಎನ್‌ಸಿಎಎಗೂ ಗೊತ್ತಿತ್ತು.

ಅದೇ ಅಣ್ಣ ಮತ್ತೆ ಮುಂಬಯಿಗೆ ಬಂದು, ಬೇರೆ ಕಡೆ ದುಡಿದು ನನಗೆ ಎಂಕಾಂ ಓದಿಸಿದ. ನಾನು ಬ್ಯಾಂಕು ಸೇರಿದಾಗ ಮೊದಲ ತಿಂಗಳೇ ಸಂಬಳ ಬಂತು, ಪಿಎಫ್ ಖಾತೆಯೂ ತೆರೆಯಿತು. ನಮ್ಮ ಬ್ಯಾಂಕುಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ತೆಗೆದುಕೊಳ್ಳುತ್ತಿದ್ದವು. ವಿಜಯ ಬ್ಯಾಂಕಿಗೆ ಬಾಸ್ಕೆಟ್‌ಬಾಲ್ ತಂಡವೇ ಇತ್ತು. ಅವರು ಲೆಡ್ಜರ್ ಮುಟ್ಟುವುದಿಲ್ಲ ಅಂತ ನಾವು ಗೊಣಗಿದ್ದುಂಟು, ನಾನೂ ಗೊಣಗಿದ್ದೇನೆ. ಆದರೆ ಸಂಬಳ ಕೊಟ್ಟರೆ ಆಟ ಕೆಡುತ್ತದೆ ಅಂತ ಯಾರೂ ಹೇಳಿದ್ದನ್ನು ಕೇಳಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟು 2021ರ ಜೂನಿನಲ್ಲಿ ಒಂಬತ್ತಕ್ಕೆ ಒಂಬತ್ತು ನ್ಯಾಯಮೂರ್ತಿಗಳೂ ಒಂದಾಗಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಮರುತಿಂಗಳಿಂದ ಆಟಗಾರರು ತಮ್ಮ ಹೆಸರಿನಿಂದ ಗಳಿಸಬಹುದೆಂದಾಯಿತು. ಕೊನೆಗೆ 2025ರ ಒಪ್ಪಂದ. ಅದರಲ್ಲಿ ನನಗೆ ಹಿಡಿಸಿದ್ದು ಮುಂದಿನ ಹಣವಲ್ಲ, ಹಿಂದಿನದು: 2016ರಿಂದೀಚೆಗೆ ಆಡಿದವರಿಗೆ ಹಿಂಬಾಕಿಯಾಗಿ ಸುಮಾರು 280 ಕೋಟಿ ಡಾಲರ್. ಬಾಕಿ ಇತ್ತು ಅಂತ ಆಯಿತಲ್ಲ! ಮಿತ್ರರು ಅದಕ್ಕೂ ತಲೆಯಾಡಿಸಿ ಎದ್ದುಹೋದರು.

ಫೋರ್ಟಿನ ಆ ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಮಾಲೀಕರು ತೀರಿಹೋಗಿ ಎಷ್ಟೋ ವರ್ಷವಾಯಿತು. ಆರು ವರ್ಷದ ಜಮಾ ಇದ್ದ ಪುಸ್ತಕ ಯಾವ ರದ್ದಿಯವನಿಗೆ ಹೋಯಿತೋ. ಅಣ್ಣನಿಗೆ ಎಪ್ಪತ್ತೈದು ದಾಟಿದೆ, ಊರಲ್ಲೇ ಇದ್ದಾನೆ. ಈ ಶೂಸಿನ ಕಥೆ ಫೋನಿನಲ್ಲಿ ಹೇಳಿದಾಗ, "ಆ ಮಾಣಿಯ ಕಾಲು ಈಗ ಹೇಗಿದೆ?" ಅಂತ ಕೇಳಿದ.