‘ಒರಿಜಿನಲ್’ ಎಂಬ ಪಿಡುಗು

ಕಳೆದ ವರ್ಷ ಬೆಂಗಳೂರಿನ ಒಂದು ವಾದ್ಯದಂಗಡಿಗೆ ನನ್ನ ಸೋದರಮಾವನ ಎಲೆಕ್ಟ್ರಿಕ್ ಗಿಟಾರನ್ನು ಹೊತ್ತುಕೊಂಡು ಹೋಗಿದ್ದೆ. ಅಂಗಡಿಯವರು ಅದನ್ನು ಹಿಂದುಮುಂದು ತಿರುಗಿಸಿ ನೋಡಿದರು. ಹಿಂಬದಿಯ ತಗಡಿನ ಮೇಲೆ ‘ಮೇಡ್ ಇನ್ ಜಪಾನ್’ ಎಂದಿದ್ದನ್ನು ಓದಿ ಅವರ ಕಣ್ಣು ಅರಳಿತು. ಮುಂಭಾಗ ನೋಡುತ್ತಲೇ ಮುಖ ಸಪ್ಪಗಾಯಿತು. ‘ಮೇಡಂ, ಇದನ್ನ ಯಾರೋ ಹಾಳು ಮಾಡಿಬಿಟ್ಟಿದ್ದಾರೆ. ಒರಿಜಿನಲ್ ಆಗಿ ಇದ್ದಿದ್ರೆ ಒಳ್ಳೆ ರೇಟು ಬರ್ತಿತ್ತು. ಬೇಕಾದ್ರೆ ಹನ್ನೆರಡು ಸಾವಿರಕ್ಕೆ ನಾನೇ ತಗೋತೀನಿ. ಆದ್ರೆ ನೀವು ಇನ್ನೇನೂ ಮುಟ್ಟೋಕೆ ಹೋಗಬೇಡಿ’ ಎಂದರು.

ಆ ‘ಯಾರೋ’ ನನ್ನ ಮಾವ. ಹಾಳು ಮಾಡಿದ್ದು ಎಂದರೆ, 1976ರಿಂದ 1995ರವರೆಗೆ ದಾವಣಗೆರೆಯ ಒಂದು ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸಿದ್ದು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಊರ ಜಾತ್ರೆ, ಮದುವೆ ರಿಸೆಪ್ಷನ್ನು ಎಂದು ಹತ್ತೊಂಬತ್ತು ವರ್ಷ ಅದು ಟೆಂಪೋದಲ್ಲಿ ಕುಲುಕಿ, ದೂಳು ತಿಂದು, ಮಳೆಯಲ್ಲಿ ನೆನೆದು ದುಡಿಯಿತು. ಕೀಬೋರ್ಡು ಬಂದ ಮೇಲೆ ಗಿಟಾರಿನವರನ್ನು ಕರೆಯುವುದು ಕಡಿಮೆಯಾಯಿತು. ಗಿಟಾರು ಅಟ್ಟ ಸೇರಿತು. ಮಾವ ತೀರಿಕೊಂಡು ಮೂರು ವರ್ಷವಾದ ಮೇಲೆ ಅತ್ತೆ, ‘ನಿಂಗೆ ಬೇಕಂದ್ರೆ ತಗಂಡು ಹೋಗವ್ವ, ಇಲ್ಲಾಂದ್ರ ಗುಜರಿಯವನಿಗೆ ಕೊಡ್ತೀನಿ’ ಎಂದರು. ಹಳೆಯ ಜಪಾನಿ ಗಿಟಾರುಗಳಿಗೆ ಬೆಲೆಯಿದೆ ಎಂದು ಯಾರಿಂದಲೋ ಕೇಳಿದ್ದ ಮಾವನ ಮಗ, ‘ಮೊದ್ಲು ರೇಟು ಕೇಳ್ಕಂಡು ಬಾ’ ಎಂದ. ಹಾಗೆ ನಾನು ಆ ಅಂಗಡಿಗೆ ಹೋದದ್ದು.

ಅಲ್ಲಿಂದ ಆರು ತಿಂಗಳು ನಾನು ಕೇಳಿದ ಸಲಹೆಗಳೆಲ್ಲ ಎರಡು ಬಣಗಳಿಗೆ ಸೇರಿದ್ದವು. ಒಂದು ಬಣದ ಮಾತು: ಮುಟ್ಟಬೇಡಿ, ಒಂದು ಸ್ಕ್ರೂ ಬದಲಾಯಿಸಿದರೂ ಬೆಲೆ ಬೀಳುತ್ತದೆ. ಇನ್ನೊಂದು ಬಣದ ಮಾತು: ಮಾವ ಮಾಡಿದ್ದನ್ನೆಲ್ಲ ಕಿತ್ತು ಹಾಕಿ, ಅದೇ ಕಾಲದ ಬಿಡಿಭಾಗಗಳನ್ನು ಹುಡುಕಿ ತಂದು ಕಾರ್ಖಾನೆಯಿಂದ ಬಂದ ಹಾಗೆ ಮಾಡಿ. ಕೇಳಲು ಇವೆರಡೂ ಒಂದಕ್ಕೊಂದು ವಿರುದ್ಧ. ಒಳಗೆ ಎರಡೂ ಒಂದೇ. ಕಾರ್ಖಾನೆಯ ಬಾಗಿಲು ದಾಟಿದ ದಿನವೇ ಗಿಟಾರಿನ ನಿಜವಾದ ದಿನ, ಅದಾದ ಮೇಲೆ ಆದದ್ದೆಲ್ಲ ನಷ್ಟ ಎಂಬ ನಂಬಿಕೆ ಎರಡಕ್ಕೂ ಬುಡ. ನನ್ನ ತಕರಾರು ಈ ನಂಬಿಕೆಯ ಜೊತೆಗೆ.

ಎಲೆಕ್ಟ್ರಿಕ್ ಗಿಟಾರು ಹುಟ್ಟಿ ಬೆಳೆದ ಜಾಗವನ್ನೇ ನೋಡಿ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ ಲಿಯೋ ಫೆಂಡರ್‌ಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅವನ ಬಳಿಗೆ ಸಂಗೀತಗಾರರು ಕೆಟ್ಟುಹೋದ ಆಂಪ್ಲಿಫೈಯರುಗಳನ್ನು ಹಿಡಿದು ಬರುತ್ತಿದ್ದರು. 1950ರಲ್ಲಿ ಅವನು ಮಾರುಕಟ್ಟೆಗೆ ತಂದ ಗಿಟಾರಿನಲ್ಲಿ ನೆಕ್ಕನ್ನು ಬಾಡಿಗೆ ಅಂಟಿಸಿರಲಿಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದ. ನೆಕ್ಕು ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ಕೆಡುತ್ತದೆ, ಬಿಚ್ಚುತ್ತಾರೆ, ಸರಿಮಾಡುತ್ತಾರೆ ಎಂದು ಗೊತ್ತಿದ್ದ ರಿಪೇರಿಯವನ ಬುದ್ಧಿ ಅದು. ನನ್ನ ಮಾವನ ಜಪಾನಿ ಗಿಟಾರೂ ಅದೇ ರೀತಿಯದು. ಅಂಥ ವಸ್ತುವಿನ ಸ್ಕ್ರೂ ಮುಟ್ಟುವುದನ್ನು ಅಪಚಾರ ಎನ್ನುವವರು ಅದನ್ನು ಅದರ ಹುಟ್ಟಿನಿಂದಲೇ ಬೇರೆ ಮಾಡುತ್ತಿದ್ದಾರೆ.

ಇನ್ನು ಬೆಲೆಯ ಮಾತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡ ಕಪ್ಪು ಸ್ಟ್ರಾಟೋಕ್ಯಾಸ್ಟರ್ ಗಿಟಾರು 2019ರ ಹರಾಜಿನಲ್ಲಿ 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಆ ಹೊತ್ತಿಗೆ ಅದು ಗಿಟಾರು ಹರಾಜಿನ ದಾಖಲೆ. ಆ ಗಿಟಾರಿನ ನೆಕ್ಕು ಒಂದಲ್ಲ, ಹಲವು ಸಲ ಬದಲಾಗಿದೆ. ಪಿಕಪ್ಪುಗಳು ಬದಲಾಗಿವೆ. ಮುಂಭಾಗದ ಬಿಳಿಯ ಹಾಳೆ ಹೋಗಿ ಕಪ್ಪಿನದು ಬಂದಿದೆ. ಮರದಲ್ಲಿ ತೂತು ಕೊರೆದದ್ದೂ ಉಂಟು, ಮುಚ್ಚಿದ್ದೂ ಉಂಟು. ಗಿಲ್ಮೋರ್ ಮಾಡಿದರೆ ಅದು ಚರಿತ್ರೆ, ದಾವಣಗೆರೆಯ ಆರ್ಕೆಸ್ಟ್ರಾದವನು ಮಾಡಿದರೆ ಅದು ಹಾಳುಗೆಡವಿದ್ದು. ಹಾಗಿದ್ದರೆ ತಕರಾರು ತೂತಿನದಲ್ಲ, ತೂತು ಕೊರೆದ ಕೈ ಯಾರದು ಎಂಬುದರದ್ದು. ಹಾಗೆಂದು ನೇರವಾಗಿ ಹೇಳಿದರೆ ನನಗೆ ಬೇಸರವಿಲ್ಲ. ‘ಒರಿಜಿನಲ್’ ಎಂಬ ಸಭ್ಯ ಮಾತಿನ ಹಿಂದೆ ಅಡಗಿಸಿ ಹೇಳುವುದು ಬೇಸರ.

ಅದಕ್ಕಿಂತಲೂ ತಮಾಷೆಯ ಸಂಗತಿ ಇನ್ನೊಂದಿದೆ. 1995ರ ಹೊತ್ತಿಗೆ ಫೆಂಡರ್ ಕಂಪನಿ ‘ರೆಲಿಕ್’ ಎಂಬ ಹೆಸರಿನಲ್ಲಿ ಹೊಸ ಗಿಟಾರುಗಳನ್ನೇ ಕೆರೆದು, ಉಜ್ಜಿ, ಲೋಹಕ್ಕೆ ತುಕ್ಕು ಹಿಡಿಸಿ ಹಳತರ ಹಾಗೆ ಮಾಡಿ ಮಾರತೊಡಗಿತು. ಹೆಚ್ಚು ಸವೆದಂತೆ ಕಾಣುವುದಕ್ಕೆ ಹೆಚ್ಚು ಬೆಲೆ. ಯಾರೂ ನುಡಿಸದ ಗಿಟಾರಿನ ಮೇಲೆ ನುಡಿಸಿದವನ ಮೊಣಕೈ ಉಜ್ಜಿದ ಗುರುತನ್ನು ಕೂಲಿ ಕೊಟ್ಟು ಮಾಡಿಸುತ್ತಾರೆ. ನಿಜವಾಗಿ ಮೊಣಕೈ ಉಜ್ಜಿದ ಗಿಟಾರನ್ನು ರಿಪೇರಿ ಮಾಡಿಸಲು ಹೋದರೆ ಬೆಲೆ ಬಿತ್ತು ಎನ್ನುತ್ತಾರೆ.

ವಾದ್ಯ ಸವೆಯುತ್ತದೆ, ಸವೆದದ್ದನ್ನು ಮತ್ತೆ ಕಟ್ಟಬೇಕು ಎಂಬುದು ನಮಗೆ ಹೊಸ ಪಾಠವೂ ಅಲ್ಲ. ವೀಣೆಯ 24 ಮೆಟ್ಟುಗಳು ಕೂತಿರುವುದು ಮೇಣದ ಮೇಲೆ. ಕೆಲವು ವರ್ಷಕ್ಕೆ ಮೇಣ ಜರುಗಿ ಸ್ವರಸ್ಥಾನ ತಪ್ಪುತ್ತದೆ. ಆಗ ಬಲ್ಲವರನ್ನು ಕರೆಸಿ ಮತ್ತೆ ಮೇಳ ಕಟ್ಟಿಸುತ್ತಾರೆ. ತಂಬೂರಿಯ ಕುದುರೆಯನ್ನು ಉಜ್ಜಿ ನಾದ ಹದಗೊಳಿಸುತ್ತಾರೆ. ಮೃದಂಗದ ಮುಚ್ಚಿಗೆ ಹರಿದರೆ ಹೊಸದು ಹಾಕಿಸುತ್ತಾರೆ. ಅಜ್ಜಿಯ ವೀಣೆಗೆ ಮೇಳ ಕಟ್ಟಿಸಿದ್ದರಿಂದ ಅದು ಅಜ್ಜಿಯ ವೀಣೆಯಾಗಿ ಉಳಿಯಲಿಲ್ಲ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಗಿಟಾರಿನ ಫ್ರೆಟ್ಟೂ ಮೆಟ್ಟಿನ ಹಾಗೆಯೇ. ತಂತಿ ಒತ್ತಿ ಒತ್ತಿ ಅದರಲ್ಲಿ ಗುಳಿ ಬೀಳುತ್ತದೆ, ಸ್ವರ ಜಿರ್ ಎನ್ನುತ್ತದೆ. ಚಪ್ಪಲಿಯ ಅಟ್ಟೆ ಸವೆದ ಹಾಗೆ ಸವೆಯುವ ಭಾಗ ಅದು. ಅದನ್ನೂ ಮುಟ್ಟಬೇಡಿ ಎಂದರೆ ಗಿಟಾರನ್ನು ಗೋಡೆಗೆ ತೂಗುಹಾಕಿ ಎಂದರ್ಥ.

ಎದುರು ಮಾತಿನಲ್ಲಿ ನ್ಯಾಯವಿಲ್ಲ ಎಂದು ನಾನು ಹೇಳುತ್ತಿಲ್ಲ. 1958ರಿಂದ 60ರವರೆಗೆ ತಯಾರಾದ ಸನ್‌ಬರ್ಸ್ಟ್ ಬಣ್ಣದ ಗಿಬ್ಸನ್ ಲೆಸ್ ಪಾಲ್‌ಗಳಂಥವು ಈಗ ಕಡಿಮೆ ಉಳಿದಿವೆ. ಅವುಗಳ ಬಣ್ಣ ಕೆರೆದರೆ ಆ ಬಣ್ಣ ಮತ್ತೆ ಬರುವುದಿಲ್ಲ. ಆ ಕಾಲದವರು ಹೇಗೆ ಕೆಲಸ ಮಾಡುತ್ತಿದ್ದರು ಎಂಬುದಕ್ಕೆ ಇರುವ ಸಾಕ್ಷಿ ಅಂಥ ಗಿಟಾರುಗಳೇ. ಅರೆಬರೆ ಕಲಿತವರು ಕೈಹಾಕಿ ಒಳ್ಳೆಯ ವಾದ್ಯಗಳನ್ನು ಕೆಡಿಸಿದ್ದೂ ನಿಜ. ಮತ್ತೆ ಹಿಂದಕ್ಕೆ ತರಲಾಗದ ಕೆಲಸಕ್ಕೆ ಮುಂಚೆ ಹತ್ತು ಸಲ ಯೋಚಿಸಿ ಎಂದರೆ ಒಪ್ಪುತ್ತೇನೆ. ಆದರೆ ಆ ಲೆಸ್ ಪಾಲ್‌ಗಳಲ್ಲೇ ಒಂದರ ಕಥೆ ಕೇಳಿ. ಪೀಟರ್ ಗ್ರೀನ್ ನುಡಿಸುತ್ತಿದ್ದ 1959ರ ಗಿಟಾರಿನಲ್ಲಿ ಒಂದು ಪಿಕಪ್ಪಿನ ಅಯಸ್ಕಾಂತ ತಿರುಗುಮುರುಗಾಗಿದೆ. ಎರಡೂ ಪಿಕಪ್ಪು ಒಟ್ಟಿಗೆ ಹಾಕಿದರೆ ಮೂಗಿನಿಂದ ಬಂದಂಥ ಒಂದು ವಿಚಿತ್ರ ಸ್ವರ ಹೊರಡುತ್ತದೆ. ಕಾರ್ಖಾನೆಯ ನಕ್ಷೆಯ ಪ್ರಕಾರ ಅದು ತಪ್ಪು. ಆ ಗಿಟಾರು ಗ್ಯಾರಿ ಮೂರ್ ಕೈಗೆ ಹೋಯಿತು, ಈಗ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಬಳಿ ಇದೆ. ಅವರೂ ಆ ಸ್ವರವನ್ನು ಕೈಬಿಡಲಿಲ್ಲ. ಯಾರಾದರೂ ‘ಒರಿಜಿನಲ್’ ಮಾಡಲು ಹೋಗಿ ಅಯಸ್ಕಾಂತವನ್ನು ನೆಟ್ಟಗೆ ಮಾಡಿದ್ದರೆ ಗಿಟಾರು ಉಳಿದು ಅದರ ದನಿ ಹೋಗುತ್ತಿತ್ತು.

ಎರಡನೆಯ ಬಣ ನನ್ನಿಂದ ಮಾಡಿಸಲು ಹೊರಟಿದ್ದು ಇದನ್ನೇ. ಮಾವನ ಗಿಟಾರಿನಲ್ಲಿ ಎರಡು ಪಿಕಪ್ಪುಗಳಿವೆ. ಪಿಕಪ್ಪು ಎಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರು ಅದನ್ನು ದೊಡ್ಡದು ಮಾಡುತ್ತದೆ. ಮಲ್ಟಿಮೀಟರ್ ಹಿಡಿದರೆ ನೆಕ್ಕಿನ ಕಡೆಯ ಪಿಕಪ್ಪು 6 ಕಿಲೋ ಓಮ್ ಹತ್ತಿರ ತೋರಿಸಿತು. ಬ್ರಿಜ್ ಕಡೆಯದು 2.8. ಮುಂಭಾಗದ ಹಾಳೆ ಬಿಚ್ಚಿದಾಗ ಕಾರಣ ಸಿಕ್ಕಿತು. ಒಳಗಿನ ಮರದ ಮೇಲೆ ಪೆನ್ಸಿಲಿನಲ್ಲಿ ಮಾವನ ಅಕ್ಷರ: ‘ಕಾಯಿಲ್ ಸುತ್ತಿಸಿದ್ದು, ಆಗಸ್ಟ್ 83, ರೂ. 35.’ ಗಣಪತಿ ಹಬ್ಬ ಹತ್ತಿರ ಬಂದಿತ್ತು, ಪಿಕಪ್ಪು ಸತ್ತಿತ್ತು. ಮಾವ ಅದನ್ನು ಮೋಟಾರ್ ವೈಂಡಿಂಗ್ ಅಂಗಡಿಗೆ ಒಯ್ದು ಅಲ್ಲಿದ್ದ ತಂತಿಯಲ್ಲೇ ಸುತ್ತಿಸಿದ್ದಾರೆ. ಆ ತಂತಿ ಕಾರ್ಖಾನೆಯದಕ್ಕಿಂತ ದಪ್ಪ. ಅಷ್ಟೇ ಜಾಗದಲ್ಲಿ ಕಡಿಮೆ ಸುತ್ತು ಹಿಡಿಯುತ್ತದೆ. ಸುತ್ತು ಕಡಿಮೆಯಾದರೆ ಶಬ್ದ ಕಡಿಮೆ, ಆದರೆ ದನಿ ತೆಳ್ಳಗೆ, ಚುರುಕಾಗಿ ಬರುತ್ತದೆ. ನಮ್ಮ ಮನೆಯಲ್ಲಿರುವ ಕ್ಯಾಸೆಟ್ಟಿನಲ್ಲಿ ತಬಲಾ, ಡ್ರಮ್ಸುಗಳ ಗದ್ದಲ ಸೀಳಿಕೊಂಡು ಕೇಳುವ ಮಾವನ ಗಿಟಾರು ಆ ಪಿಕಪ್ಪಿನದು. ‘ಆ ಕಾಯಿಲ್ ಎಸೆದುಬಿಡಿ, ಅದೇ ಕಾಲದ್ದು ಒಂದು ತರಿಸಿ ಹಾಕಿದ್ರೆ ಸರಿಹೋಗುತ್ತೆ. ಒಳಗಿನ ಗೀಚನ್ನೂ ಉಜ್ಜಿಬಿಡ್ತೀವಿ’ ಎಂದು ಒಬ್ಬರು ಹೇಳಿದರು.

ನಾನು ಪಿಎಚ್.ಡಿ. ಮಾಡುತ್ತಿರುವುದು ಹಸ್ತಪ್ರತಿಗಳ ಮೇಲೆ. ಒಂದು ಕಾವ್ಯದ ನಾಲ್ಕು ಓಲೆಗರಿ ಪ್ರತಿ ಸಿಕ್ಕರೆ ನಾಲ್ಕರಲ್ಲೂ ಪಾಠ ಬೇರೆ ಬೇರೆ ಇರುತ್ತದೆ. ಸಂಪಾದಕರು ಕವಿಯ ಪಾಠ ಇದಿರಬಹುದು ಎಂದು ಒಂದನ್ನು ಆರಿಸಿ, ಉಳಿದವನ್ನು ಅಡಿಯಲ್ಲಿ ಪಾಠಾಂತರ ಎಂದು ಕೊಡುತ್ತಾರೆ. ಲಿಪಿಕಾರನದು ತಪ್ಪೆಂದು ಅನ್ನಿಸಿದರೂ ಅವನ ಪ್ರತಿಯನ್ನು ಒಲೆಗೆ ಹಾಕುವುದಿಲ್ಲ. ಗಿಟಾರಿಗೆ ಅಡಿಟಿಪ್ಪಣಿಯ ಅನುಕೂಲವಿಲ್ಲ. ಕಿತ್ತು ಎಸೆದದ್ದು ಹೋದಂತೆಯೇ. ಇನ್ನೊಂದು ಮಾತು. ಮಾವನ ಗಿಟಾರು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದದ್ದು, ಅದಕ್ಕೆ ಕವಿಯೆಂಬ ಒಬ್ಬನಿಲ್ಲ. ಕಾರ್ಖಾನೆಯ ಪಾಠ ಬೇಕೆಂದರೆ ಬೇರೆ ಪ್ರತಿಗಳಲ್ಲಿ ಸಿಗುತ್ತದೆ. ಮಾವನ ಪಾಠ, ಆ 35 ರೂಪಾಯಿಯ ಕಾಯಿಲಿನ ಪಾಠ, ಇರುವುದು ಇದೊಂದೇ ಪ್ರತಿಯಲ್ಲಿ. ಆರ್ಕೆಸ್ಟ್ರಾದವರ ಬಗ್ಗೆ ಯಾರೂ ಗ್ರಂಥ ಬರೆದಿಟ್ಟಿಲ್ಲ. ಅವರು ಹೇಗೆ ದುಡಿದರು, ಇಲ್ಲದ್ದರಲ್ಲಿ ಹೇಗೆ ಸಂಭಾಳಿಸಿದರು ಎಂಬುದಕ್ಕೆ ಉಳಿದಿರುವ ದಾಖಲೆ ಇಂಥವೇ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಕಾಯಿಲನ್ನು ಮುಟ್ಟಲಿಲ್ಲ. ಮಾವ ಟೂತ್ ಬ್ರಷ್ಷಿನ ಹಿಡಿಯಿಂದ ಕೊರೆದು ಕೂರಿಸಿದ್ದ ನಟ್ಟು, ತಂತಿಗಳನ್ನು ಮೇಲ್ತುದಿಯಲ್ಲಿ ಹಿಡಿದಿಡುವ ಆ ತುಂಡು, ಇನ್ನೂ ಗಟ್ಟಿಯಾಗಿತ್ತು, ಹಾಗೇ ಬಿಟ್ಟೆ. ಬಾಡಿಯ ಮೇಲಿನ ನೀಲಿ ಎನಾಮಲ್ ಪೇಂಟನ್ನು ಕೆರೆಯಲಿಲ್ಲ. ಕೆಟ್ಟದ್ದನ್ನು ಮಾತ್ರ ಸರಿಮಾಡಿಸಿದೆ. ತಿರುಗಿಸಿದರೆ ಕರಕರ ಎನ್ನುತ್ತಿದ್ದ ವಾಲ್ಯೂಮ್ ಕಂಟ್ರೋಲನ್ನು ಬದಲಾಯಿಸಿದೆ. ಕಿತ್ತುಹೋಗಿದ್ದ ಅರ್ಥ್ ವೈರನ್ನು ಬೆಸುಗೆ ಹಾಕಿದ ಮೇಲೆ ಗುಂಯ್ ಎನ್ನುವ ಸದ್ದು ಅಡಗಿತು. ನೆಕ್ಕು ಬಿಲ್ಲಿನ ಹಾಗೆ ಬಾಗಿತ್ತು. ತಗಡಿನ ಮೇಲೆ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’ ಎಂದು ಹೆಮ್ಮೆಯಿಂದ ಬರೆದಿದ್ದರೂ ಒಳಗಿನ ಆ ಉಕ್ಕನ್ನು ಬಿಗಿಮಾಡಲು ತಿರುಪೇ ಇಲ್ಲ. ಗಿಟಾರು ತಯಾರಿಸುವ ಒಬ್ಬರು ಹಳೆಯ ಫ್ರೆಟ್ಟುಗಳನ್ನೆಲ್ಲ ತೆಗೆದು, ಬುಡ ಸ್ವಲ್ಪ ದಪ್ಪವಿರುವ ಹೊಸ ಫ್ರೆಟ್ಟುಗಳನ್ನು ಬಡಿದರು. ಒಂದೊಂದು ಸೀಳಿನಲ್ಲೂ ಅದು ಬೆಣೆಯ ಹಾಗೆ ಕೂತು ನೆಕ್ಕನ್ನು ಹಿಂದಕ್ಕೆ ತಳ್ಳುತ್ತದೆ. ಮೂರನೆಯ ದಿನ ಉಕ್ಕಿನ ಸ್ಕೇಲು ಇಟ್ಟು ನೋಡಿದಾಗ ಬಾಗು ಹೆಚ್ಚುಕಡಿಮೆ ಹೋಗಿತ್ತು. ಹಳೆಯ ಫ್ರೆಟ್ಟುಗಳನ್ನೂ ಹಳೆಯ ಕಂಟ್ರೋಲನ್ನೂ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ.

ಇದಕ್ಕೆ ನಾನು ತೆತ್ತದ್ದನ್ನೂ ಹೇಳಬೇಕು. ‘ಮಾರೋ ವಸ್ತು ಬಿಚ್ಚಿ ರೇಟು ಕಳದೆ’ ಎಂದು ಮಾವನ ಮಗ ಮುನಿಸಿಕೊಂಡ. ಅಂಗಡಿಯ ಸಾಲ ತೀರಿಸಲು ಹೆಣಗುತ್ತಿರುವವನ ಮುಂದೆ ಪಾಠಾಂತರದ ಮಾತಾಡಲು ನನಗೂ ನಾಚಿಕೆಯಾಯಿತು. ಅವನ ಹಣದ ಅಗತ್ಯ ನನ್ನ ವಾದಕ್ಕಿಂತ ಸಣ್ಣದಲ್ಲ. ವಾದ್ಯದಂಗಡಿಯವರು ಹೇಳಿದ ಹನ್ನೆರಡು ಸಾವಿರವನ್ನು ಫೆಲೋಶಿಪ್ಪಿನಲ್ಲಿ ತಿಂಗಳಿಗೆ ಎರಡು ಸಾವಿರದಂತೆ ಅವನಿಗೆ ಕೊಡುತ್ತಿದ್ದೇನೆ. ಇನ್ನು ಎರಡು ಕಂತು ಬಾಕಿ. ಹಣ ತೆಗೆದುಕೊಳ್ಳುತ್ತಾನೆ, ಮಾತಾಡುವುದು ಕಡಿಮೆ. ಬೆಲೆಯ ಲೆಕ್ಕದಲ್ಲಿ ನಾನು ಸೋತಿದ್ದೇನೆ ಎಂದು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹಳೆಯ ವಾದ್ಯವನ್ನು ಅಳೆಯಲು ಆ ಲೆಕ್ಕ ಒಂದೇ ಸಾಕು ಎನ್ನುವುದನ್ನು ಮಾತ್ರ ಒಪ್ಪಲಾರೆ.

ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ಇದ್ದರೆ ಕೆಳಗಿಳಿಸಿ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಕೆಟ್ಟದ್ದನ್ನು ಬಲ್ಲವರಿಂದ ಸರಿಮಾಡಿಸಿ, ಕೆಡದ್ದನ್ನು ಬಿಡಿ, ತೆಗೆದದ್ದನ್ನು ಎಸೆಯಬೇಡಿ. ಏನು ಮಾಡಿಸಿದಿರಿ ಎಂದು ಬರೆದಿಡಿ; ಓಲೆಗರಿಯ ಕೊನೆಯಲ್ಲಿ ಲಿಪಿಕಾರರು ದಿನ, ಹೆಸರು ಬರೆದು ತಪ್ಪಿದ್ದರೆ ಮನ್ನಿಸಿ ಎಂದು ಕೇಳಿಕೊಳ್ಳುತ್ತಿದ್ದರಲ್ಲ, ಹಾಗೆ. ಮಾವನ ಪೆನ್ಸಿಲ್ ಸಾಲಿನ ಕೆಳಗೆ ನಾನೂ ಬರೆದಿದ್ದೇನೆ: ಫ್ರೆಟ್ಟು ಹೊಸದು, ವಾಲ್ಯೂಮ್ ಹೊಸದು, ಅರ್ಥ್ ಬೆಸುಗೆ, ತಿಂಗಳು, ವರ್ಷ, ಖರ್ಚು. ಅದರ ಕೆಳಗೆ ಇನ್ನೂ ನಾಲ್ಕು ಸಾಲಿಗಾಗುವಷ್ಟು ಜಾಗವಿದೆ.