ಕಣಜಕ್ಕೂ ಒಂದು ಪರಿಮಾಣ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಪುಷ್ಯ ಮಾಸವೆಂದರೆ ತೊಗರಿಯ ರಾಶಿ ಮನೆ ಸೇರುವ ಕಾಲ. ಅದರ ಬೆನ್ನಿಗೇ ಕಡಲೆ, ಬಿಳಿಜೋಳ. ಬೇಸಿಗೆ ಕಾಲಿಡುತ್ತಲೇ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಷಿಣ ಕೊಂಬು. ವರ್ಷದ ಕಾಳುಕಡಿಯನ್ನು ಒಮ್ಮೆಗೇ ಹಸನು ಮಾಡಿ ತುಂಬಿಡುವುದು ಇಲ್ಲಿನ ಗೃಹಿಣಿಯರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಪದ್ಧತಿ. ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಜಿಲ್ಲೆಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಂಥ ನಾಡಿನ ಶ್ರಾವಕನ ಧರ್ಮಪರೀಕ್ಷೆ ಬಸದಿಯಲ್ಲಿ ನಡೆಯುವಷ್ಟೇ ಅವನ ಮನೆಯ ಉಗ್ರಾಣದಲ್ಲೂ ನಡೆಯುತ್ತದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹ ಪರಿಮಾಣ ವ್ರತಕ್ಕೆ ಬರುವ ಅತಿಚಾರಗಳನ್ನು ಹೇಳುವಾಗ ಹೊಲ ಮನೆ, ಬೆಳ್ಳಿ ಬಂಗಾರಗಳ ಜೊತೆಯಲ್ಲೇ ಧನ-ಧಾನ್ಯವನ್ನೂ ಹೆಸರಿಸುತ್ತದೆ. ಬಂಗಾರದ ಲೋಭವನ್ನು ನಾವು ಬೇಗ ಗುರುತಿಸುತ್ತೇವೆ. ಧಾನ್ಯದ ಲೋಭಕ್ಕೆ ಮಾತ್ರ ಮುಂದಾಲೋಚನೆ ಎಂಬ ಒಳ್ಳೆಯ ಹೆಸರಿಟ್ಟುಕೊಳ್ಳುತ್ತೇವೆ. ಅದೇ ಅಧ್ಯಾಯವು ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳನ್ನು ಹೇಳುತ್ತದೆ. ವಸ್ತುಗಳನ್ನು ನೋಡಿ ಎತ್ತಿ, ನೋಡಿ ಇಡುವ ಆದಾನ-ನಿಕ್ಷೇಪಣ ಸಮಿತಿ ಅವುಗಳಲ್ಲೊಂದು. ಬೆಳಕಿನಲ್ಲಿ ನೋಡಿಯೇ ಉಣ್ಣುವ ಆಲೋಕಿತ ಪಾನಭೋಜನ ಇನ್ನೊಂದು. ಮುನಿಗಳು ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರಿ ಕಮಂಡಲವನ್ನಿಡುವುದು ಮೊದಲನೆಯದರ ಆಚರಣೆ. ಗೃಹಸ್ಥರ ಕೈಯಲ್ಲಿ ಪಿಂಛಿಯಿಲ್ಲ. ಮೊರವಿದೆ, ಜರಡಿಯಿದೆ, ಕಣ್ಣಿದೆ.

ಉಗ್ರಾಣದಲ್ಲಿ ಹಿಂಸೆ ಹುಟ್ಟುವ ಬಗೆಯನ್ನು ತಿಳಿದರೆ ಈ ಭಾವನೆಗಳ ಬೆಲೆ ಅರಿವಾಗುತ್ತದೆ. ಕಾಳು ಕೊರೆಯುವ ಕೀಟ ಹೊಲದಲ್ಲಿ ಒಣಗುತ್ತಿರುವ ಕಾಯಿಯ ಮೇಲೇ ತತ್ತಿಯಿಡಬಲ್ಲದು. ಅಲ್ಲಿಂದ ಮನೆಗೆ ಬಂದ ಕಾಳಿನೊಳಗೆ ಮರಿ ಬೆಳೆದು ರಂಧ್ರ ಕೊರೆದು ಹೊರಬರುತ್ತದೆ. ಬೆಚ್ಚಗಿನ ಹವೆಯಲ್ಲಿ ತತ್ತಿಯಿಂದ ಹಾರುವ ಹುಳದವರೆಗಿನ ಈ ಚಕ್ರ ಮುಗಿಯಲು ಸುಮಾರು ಒಂದು ತಿಂಗಳು ಸಾಕು. ಕಣ್ಣಿಗೆ ಬೀಳದ ನಾಲ್ಕಾರು ತತ್ತಿಗಳು ಮಳೆಗಾಲ ಮುಗಿಯುವಷ್ಟರಲ್ಲಿ ಚೀಲವನ್ನೇ ತುಂಬುತ್ತವೆ. ಇವು ಸ್ಥಾವರವಲ್ಲ, ಚಲಿಸುವ ತ್ರಸಜೀವಗಳು. ಅವು ಹುಟ್ಟಲು ಅವಕಾಶ ಕೊಟ್ಟವರು ನಾವು; ಬೇಯಿಸುವಾಗ, ಬೀಸುವಾಗ, ಬಿಸಿಲಿಗೆ ಹರಡುವಾಗ ಕೊಲ್ಲುವವರೂ ನಾವೇ.

ಶಾಸ್ತ್ರಕಾರರು ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ ಜಿಲ್ಲೆಯ ಇಂದಿನ ಮಳಖೇಡ. ಅಲ್ಲಿ ಆಳಿದ ಅಮೋಘವರ್ಷನ ಗೌರವಕ್ಕೆ ಪಾತ್ರರಾಗಿದ್ದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಆದಿನಾಥರು ಕಲಿಸಿದ ಷಟ್ಕರ್ಮಗಳೊಳಗೆ ಕೃಷಿಯನ್ನೂ ವಾಣಿಜ್ಯವನ್ನೂ ಸೇರಿಸಿದ್ದಾರೆ. ಬೆಳೆಯುವಲ್ಲಿ, ಅಡುವಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆ ಗೃಹಸ್ಥನ ಬಾಳಿನೊಂದಿಗೆ ಬಂದದ್ದು. ಎಚ್ಚರದಿಂದ ಅದನ್ನು ಕಡಿಮೆ ಮಾಡುವುದು ಅವನ ಕರ್ತವ್ಯ. ಆದರೆ ತಿಂಗಳುಗಟ್ಟಲೆ ಚೀಲದತ್ತ ನೋಡದೆ, ಹುಳ ಬಿದ್ದ ಮೇಲೆ ವಿಷದ ಮಾತ್ರೆಯನ್ನಿಟ್ಟು ಬಾಯಿ ಕಟ್ಟುವುದು ಯಾವ ಹಿಂಸೆ? ಅಲ್ಲಿ ಕೊಲ್ಲುವ ಉದ್ದೇಶ ಸ್ಪಷ್ಟವಾಗಿದೆ. ಅಲ್ಯೂಮಿನಿಯಂ ಫಾಸ್ಫೈಡ್‌ನ ಆ ಮಾತ್ರೆ ಗಾಳಿಯ ತೇವ ತಗುಲಿದೊಡನೆ ಫಾಸ್ಫೀನ್ ಅನಿಲ ಬಿಡುತ್ತದೆ. ಆ ಅನಿಲ ಹುಳಕ್ಕೂ ಮಲಗಿದ ಮಗುವಿಗೂ ಭೇದವೆಣಿಸುವುದಿಲ್ಲ. ಜನ ವಾಸಿಸುವ ಮನೆಯೊಳಗೆ ಅದಕ್ಕೆ ಎಡೆಯೇ ಇರಬಾರದು.

ಆದ್ದರಿಂದ ಉಗ್ರಾಣದ ಅಹಿಂಸೆ ಹುಳ ಕಂಡ ದಿನ ಆರಂಭವಾಗುವುದಲ್ಲ. ಎಷ್ಟು ತರಬೇಕೆಂದು ನಿಶ್ಚಯಿಸುವ ದಿನವೇ ಆರಂಭವಾಗುತ್ತದೆ. ದಿನಕ್ಕೆ 200 ಗ್ರಾಂ ಬೇಳೆ ಬೇಯುವ ಮನೆಗೆ ತಿಂಗಳಿಗೆ 6 ಕಿಲೋ, ಚಾತುರ್ಮಾಸದ ನಾಲ್ಕು ತಿಂಗಳಿಗೆ 24 ಕಿಲೋ ಸಾಕು. ಅದೇ ಮನೆಯವರು ಒಂದು ಕ್ವಿಂಟಲ್ ತುಂಬಿಟ್ಟರೆ ಅದು 500 ದಿನದ ಬೇಳೆ; ಮುಂದಿನ ಸುಗ್ಗಿ ಬಂದ ಮೇಲೂ ಹಳೆಯದು ಉಳಿದಿರುತ್ತದೆ. ಭೀಮಾ ತೀರದ ಜನ ಬರವನ್ನು ಬಲ್ಲವರು. ಹಿರಿಯರು ನೆಲದಡಿ ಹಗೇವು ತೋಡಿ ಜೋಳ ಕಾಪಾಡಿದ್ದು ಲೋಭದಿಂದಲ್ಲ, ಊರು ಉಪವಾಸ ಬೀಳಬಾರದೆಂದು. ಅಪರಿಗ್ರಹವು ಬರಿದಾದ ಗಡಿಗೆಯನ್ನು ಬಯಸುವುದಿಲ್ಲ. ನೋಡಿಕೊಳ್ಳಲು ಆಗುವಷ್ಟನ್ನೇ ಇಟ್ಟುಕೊಳ್ಳೆನ್ನುತ್ತದೆ. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ತೊಗರಿ, ಕಡಲೆಗಳಿಗೆ ದಾಸ್ತಾನು ಮಿತಿ ವಿಧಿಸಿ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದು ನಿಗದಿಪಡಿಸಿತ್ತು. ಕಾಯಿದೆ ವರ್ತಕನಿಗೆ ಹಾಕುವ ಗೆರೆಯನ್ನು ಶ್ರಾವಕ ತನಗೆ ತಾನೇ ಹಾಕಿಕೊಂಡರೆ ಅದು ವ್ರತ.

ಪರಿಮಾಣ ನಿಶ್ಚಯವಾದ ಮೇಲೆ ಜೋಡಣೆ. ಸುಗ್ಗಿಯಲ್ಲೇ ಕಾಳನ್ನು ಚೆನ್ನಾಗಿ ಒಣಗಿಸಿ, ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿದ ಮೇಲೆ ಆರಿಸಿ ತುಂಬಬೇಕು. ಇಡಿ ತೊಗರಿಗಿಂತ ಒಡೆದ ಬೇಳೆಗೆ ಈ ಕೀಟದ ಕಾಟ ಕಡಿಮೆ. ಇಡಿಯಾಗಿ ಇಡುವ ಕಾಳಿಗೆ ಔಡಲೆಣ್ಣೆ ತೆಳುವಾಗಿ ಸವರುವ, ನಡುವೆ ಒಣಗಿದ ಬೇವಿನೆಲೆ ಹರಡುವ ಹಳೆಯ ಕ್ರಮಗಳು ಹುಳ ಬಾರದಂತೆ ತಡೆಯುವ ಉಪಾಯಗಳು. ಚೀಲಗಳು ಗೋಡೆಗೆ ತಾಗದೆ ಹಲಗೆಯ ಮೇಲಿರಲಿ. ಡಬ್ಬಿಗಳು ಬೆಳಕು ಬೀಳುವ ಕಡೆ, ಕೈಗೆಟಕುವ ಎತ್ತರದಲ್ಲಿರಲಿ. ತುಂಬಿದ ತಿಂಗಳನ್ನು ಮುಚ್ಚಳದ ಮೇಲೆ ಬರೆದು, ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಇಡಬೇಕು. ತಳದಲ್ಲುಳಿದ ಹಳೆಯ ಬೇಳೆಯ ಮೇಲೆ ಹೊಸದನ್ನು ಸುರಿಯಲೇಬಾರದು. ಹಳೆಯ ತತ್ತಿಗೆ ಹೊಸ ಮನೆ ಕಟ್ಟಿಕೊಟ್ಟಂತಾಗುತ್ತದೆ. ಅಷ್ಟಮಿ, ಚತುರ್ದಶಿಗಳಂದು ಮನೆಯ ಆರಂಭಗಳನ್ನು ಮಿತಗೊಳಿಸುವ ರೂಢಿಯಿದೆಯಷ್ಟೆ. ಪ್ರತಿ ಚತುರ್ದಶಿಯ ಹಿಂದಿನ ದಿನ ಡಬ್ಬಿಗಳನ್ನು ತೆರೆದು ನೋಡುವ ನಿಯಮವಿಟ್ಟುಕೊಂಡರೆ ಹದಿನೈದು ದಿನಕ್ಕೊಮ್ಮೆ ಕಣ್ಣಾಡಿಸಿದಂತಾಗುತ್ತದೆ. ತಿಂಗಳಿಗೊಂದು ಪೀಳಿಗೆ ಹೆಚ್ಚುವ ಕೀಟಕ್ಕೆ ಆ ಕಣ್ಣೇ ಬೇಲಿ.

ಹಿಟ್ಟು, ಪುಡಿಗಳ ಮಾತು ಬೇರೆ. ದಿಗಂಬರ ಸಂಪ್ರದಾಯದ ಶುದ್ಧ ಆಹಾರಕ್ರಮದಲ್ಲಿ ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆಯಿದೆ. ಕುಟ್ಟಿದ ಮಸಾಲೆಗಳಿಗೂ ವ್ರತಿಗಳು ಇದನ್ನೇ ಅನ್ವಯಿಸುತ್ತಾರೆ. ವರ್ಷದ ಖಾರವನ್ನು ಬೇಸಿಗೆಯಲ್ಲೇ ಕುಟ್ಟಿಸಿಡುವ ನಮ್ಮ ಸೀಮೆಯ ವಾಡಿಕೆಗೂ ಈ ಮರ್ಯಾದೆಗೂ ಹೊಂದುವುದಿಲ್ಲ. ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆಗಳನ್ನು ಇಡಿಯಾಗಿ ಒಣಗಿಸಿಟ್ಟು ವಾರವಾರಕ್ಕೆ ಬೇಕಾದಷ್ಟನ್ನೇ ಪುಡಿ ಮಾಡಿಕೊಳ್ಳುವುದು ಎಲ್ಲರೂ ಇಡಬಹುದಾದ ಮೊದಲ ಹೆಜ್ಜೆ. ಮಿಕ್ಸರ್ ಇರುವ ಮನೆಗಳಲ್ಲಿ ಇದು ಹತ್ತು ನಿಮಿಷದ ಕೆಲಸ.

ಇಷ್ಟಾದರೂ ಹುಳ ಬಿದ್ದರೆ? ಉರಿಬಿಸಿಲಿಗೆ ಸುರಿಯದೆ, ನೆರಳಿನಲ್ಲಿ ಹರಡಿ, ಸಾವಕಾಶವಾಗಿ ಜರಡಿಯಾಡಿಸಿ, ಹುಳಗಳನ್ನು ಹಿಡಿಯಷ್ಟು ಕಾಳಿನೊಂದಿಗೇ ತುಳಿದಾಟವಿಲ್ಲದ ಒಣ ಜಾಗದಲ್ಲಿ ಬಿಡಬೇಕು. ಹುಳಬಿದ್ದ ಕಾಳನ್ನು ದಾನವೆಂದು ಇನ್ನೊಬ್ಬರ ಮಡಿಲಿಗೆ ಹಾಕುವುದು ದಾನವಲ್ಲ, ನಮ್ಮ ಪ್ರಮಾದವನ್ನು ಬಡವರ ಒಲೆಗೆ ವರ್ಗಾಯಿಸುವುದಷ್ಟೆ. ಕೊಡುವುದಿದ್ದರೆ ಕಾಳು ಹಸನಾಗಿರುವಾಗಲೇ ಕೊಡಬೇಕು. ಆಷಾಢದ ಚಾತುರ್ಮಾಸಕ್ಕೆ ಮುನ್ನ ಉಗ್ರಾಣವನ್ನು ಅಳೆದು, ನಮ್ಮ ಪರಿಮಾಣಕ್ಕೆ ಮೀರಿದ್ದನ್ನು ತೆಗೆದಿಟ್ಟರೆ ಅದೇ ನಾಲ್ಕು ದಾನಗಳಲ್ಲಿ ಮೊದಲನೆಯದಾದ ಆಹಾರದಾನಕ್ಕೆ ಒದಗುತ್ತದೆ. ಹುಟ್ಟಲಿದ್ದ ಹಿಂಸೆ ತಪ್ಪಿ ಅಭಯದಾನವೂ ಅದರೊಂದಿಗೇ ಆಗುತ್ತದೆ.

ಈ ವಾರ ಮನೆಯ ಹಿಂಬದಿಯ ಡಬ್ಬಿಯೊಂದನ್ನು ಮುಂದಕ್ಕೆಳೆದು ಬೆಳಕಿನಲ್ಲಿ ತೆರೆದು ನೋಡೋಣ. ಅದರಲ್ಲೇನಿದೆ, ಎಷ್ಟಿದೆ, ಎಂದು ತುಂಬಿದ್ದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಆ ಧಾನ್ಯ ನಮ್ಮ ಸಂರಕ್ಷಣೆಯಲ್ಲಿದೆ. ಉತ್ತರವಿಲ್ಲದಿದ್ದರೆ ಅದು ಬರಿಯ ಪರಿಗ್ರಹ.